ಅಂಬಾಸಿಡರ್ ಡ್ರ್ಯಾಗ್‌ಗೆ ಇಳಿಸಿದೆ, ಪ್ರೊಪೆಲ್ಲರ್ ಶಾಫ್ಟ್ ಪಾಠ ಕಲಿಸಿತು

ನನ್ನದು 1984ರ ಮಾರ್ಕ್ 4 ಅಂಬಾಸಿಡರ್. ಅಪ್ಪ ಓಡಿಸುತ್ತಿದ್ದ ಗಾಡಿ. ಡ್ರ್ಯಾಗ್ ರೇಸ್‌ಗೆ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಯಾರು ಬೇಗ ಮುಟ್ಟುತ್ತಾರೆ ಅನ್ನುವ ಓಟಕ್ಕೆ, ಅದನ್ನು ಸಿದ್ಧ ಮಾಡಿದೆ. ಅದರ 1489 ಸಿಸಿ ಎಂಜಿನ್ ಇಳಿಸಿ, 90ರ ದಶಕದಲ್ಲಿ ಅಂಬಾಸಿಡರ್‌ಗೇ ಬಂದ 1.8 ಲೀಟರ್ ಇಸುಜು ಎಂಜಿನ್ ಮತ್ತು ಅದರ ಐದು ಗೇರಿನ ಬಾಕ್ಸ್ ಕೂರಿಸಿದೆ. ಹೆಡ್ ಕೆಲಸ, ಕಾರ್ಬುರೇಟರ್, ಕ್ಲಚ್ ಅಂತ ಎರಡು ವರ್ಷ ಹೋಯಿತು. ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಉದ್ದನೆ ಕೊಳವೆ, ಅಂದರೆ ಪ್ರೊಪೆಲ್ಲರ್ ಶಾಫ್ಟ್‌ಗೆ ಕೊಟ್ಟಿದ್ದು ಅರ್ಧ ದಿನ. ಗೇರ್‌ಬಾಕ್ಸ್ ಬದಲಾದ ಮೇಲೆ ಹಳೇ ಶಾಫ್ಟ್ ಉದ್ದ ಹೊಂದಲಿಲ್ಲ. ಒಂದು ಕಡೆ ಕೊಟ್ಟು ಕೊಯ್ಸಿ, ವೆಲ್ಡಿಂಗ್ ಮಾಡಿಸಿ, ಅದೇ ಹಳೇ ಕ್ರಾಸ್‌ಗಳನ್ನು (ಶಾಫ್ಟ್‌ನ ಎರಡೂ ತುದಿಯ ಮಡಚುವ ಜಾಯಿಂಟ್‌ನಲ್ಲಿರುವ, ಕೂಡು ಗುರುತಿನ ಆಕಾರದ ತುಂಡು) ಹಾಕಿಸಿಕೊಂಡು ಬಂದೆ.

ಮೊದಲ ವರ್ಷ ಏನೂ ಮುರಿಯಲಿಲ್ಲ. ಮಾಮೂಲಿ ಟೈರ್ ಇತ್ತು. ಕ್ಲಚ್ ಬಿಟ್ಟ ತಕ್ಷಣ ಟೈರ್ ಜಾರುತ್ತಿತ್ತು, ಹೊಗೆ ಬರುತ್ತಿತ್ತು, ಗಾಡಿ ನಿಧಾನಕ್ಕೆ ಹೊರಡುತ್ತಿತ್ತು. ಆ ಜಾರುವಿಕೆಯೇ ಶಾಫ್ಟನ್ನು ಕಾಪಾಡುತ್ತಿತ್ತು ಅಂತ ಆಗ ನನಗೆ ತಿಳಿದಿರಲಿಲ್ಲ. ಮನೆಯಲ್ಲಿ ಫ್ಯೂಸ್ ಇರುತ್ತದಲ್ಲ, ಆ ಕೆಲಸವನ್ನು ಟೈರ್ ಮಾಡುತ್ತಿತ್ತು.

ಎರಡನೇ ವರ್ಷ ಮೆತ್ತನೆ ರಬ್ಬರಿನ, ನೆಲಕ್ಕೆ ಅಂಟುವ ಟೈರ್ ಹಾಕಿದೆ. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ. ಏರ್‌ಸ್ಟ್ರಿಪ್ ಮೇಲೆ ಪ್ರಾಕ್ಟೀಸ್. ಮೂರನೇ ಸಲ ಹೊರಟಾಗ ಟಕ್ ಅಂತ ಒಂದು ಸದ್ದು. ಮರುಕ್ಷಣವೇ ಎಡಗಾಲಿನ ಪಕ್ಕ ಯಾರೋ ತಗಡಿಗೆ ಸುತ್ತಿಗೆಯಿಂದ ಬಡಿಯುತ್ತಿರುವ ಹಾಗೆ ಶುರುವಾಯಿತು. ಕ್ಲಚ್ ಒತ್ತಿದೆ. ನಿಲ್ಲಲಿಲ್ಲ. ಹೇಗೆ ನಿಲ್ಲುತ್ತದೆ? ಮುರಿದಿದ್ದು ಮುಂದಿನ ಕ್ರಾಸ್. ಶಾಫ್ಟ್‌ನ ಹಿಂದಿನ ತುದಿ ಇನ್ನೂ ಹೌಸಿಂಗ್‌ಗೆ, ಅಂದರೆ ಹಿಂದಿನ ಆಕ್ಸಲ್‌ಗೆ, ಬೋಲ್ಟ್ ಆಗಿತ್ತು. ಗಾಡಿ ಉರುಳುವಷ್ಟು ಹೊತ್ತೂ ಚಕ್ರಗಳೇ ಅದನ್ನು ತಿರುಗಿಸುತ್ತಿದ್ದವು. ಚಕ್ರ ಒಂದು ಸುತ್ತಿದರೆ ಶಾಫ್ಟ್ ನಾಲ್ಕೂವರೆ ಸುತ್ತು.

ಕೆಳಗೆ ಬಗ್ಗಿ ನೋಡಿದೆ. ಶಾಫ್ಟ್ ಮೇಲೆ ಮುಚ್ಚಿರುವ ಟನಲ್ ತಗಡು ಅಂಗೈ ಅಗಲಕ್ಕೆ ಹರಿದು ಒಳಕ್ಕೆ ಮಡಚಿಕೊಂಡಿತ್ತು. ನನ್ನ ಕಾಲಿಗೂ ಆ ತಗಡಿನ ಅಂಚಿಗೂ ನಡುವೆ ನಾಲ್ಕು ಬೆರಳು ಜಾಗ. ಹಿಂದಿನ ಬ್ರೇಕಿಗೆ ಹೋಗುವ ಪೈಪ್ ಚಪ್ಪಟೆಯಾಗಿತ್ತು. ವೇಗ 40 ಕಿಮೀ ಕೂಡ ಇರಲಿಲ್ಲ. ಅದೇ 100ರಲ್ಲಿ ಮುಂದಿನ ತುದಿ ನೆಲಕ್ಕೆ ಬಿದ್ದು ಒಂದು ಗುಂಡಿಗೆ ನಾಟಿಕೊಂಡಿದ್ದರೆ, ಕೋಲು ಊರಿ ಹಾರುವವರ ಹಾಗೆ ಗಾಡಿಯ ಹಿಂಭಾಗವೇ ಮೇಲೇಳುತ್ತದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮುರಿದ ಕ್ರಾಸ್ ಕೈಯಲ್ಲಿ ಹಿಡಿದು ಕೂತೆ. ಅದರ ತೋಳಿನ ತುದಿಗೆ ಕೂರುವ ಬೇರಿಂಗ್ ಕಪ್ ಒಡೆದಿತ್ತು. ಒಳಗೆ ಗ್ರೀಸ್ ಇರಲಿಲ್ಲ, ಕುಂಕುಮದಂಥ ಕೆಂಪು ಹುಡಿ ಇತ್ತು. ಕಪ್ ಒಳಗಿನ ಸೂಜಿಯಂಥ ಉರುಳೆಗಳು, ಅಂದರೆ ನೀಡಲ್, ಒಣಗಿ ತುಕ್ಕು ಹಿಡಿದು ಅರೆದಾಗ ಬರುವ ಹುಡಿ ಅದು. ಕ್ರಾಸ್‌ನ ತೋಳಿನ ಮೇಲೆ ನೀಡಲ್‌ಗಳು ಒತ್ತಿ ಗೆರೆ ಗೆರೆಯಾಗಿತ್ತು, ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು. ಶಾಫ್ಟ್ ಬಿಚ್ಚಿ ಕೈಯಲ್ಲಿ ಕ್ರಾಸ್ ಆಡಿಸಿ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಒಳ್ಳೇ ಕ್ರಾಸ್ ನುಣ್ಣಗೆ ತಿರುಗುತ್ತದೆ. ಕೆಟ್ಟದ್ದು ಒಂದು ಜಾಗದಲ್ಲಿ ಕಟಕ್ ಅಂತ ಕೂರುತ್ತದೆ.

ಲೆಕ್ಕವನ್ನೂ ಆವತ್ತೇ ಮಾಡಿದೆ. ಎಂಜಿನ್ 14 ಕೆಜಿ-ಮೀಟರ್ ಟಾರ್ಕ್ ಕೊಡುತ್ತದೆ ಅಂದುಕೊಳ್ಳಿ. ಮೊದಲ ಗೇರ್ 3.5 ಅಂದರೆ ಶಾಫ್ಟ್‌ಗೆ ತಲುಪುವುದು 49. ಅದರ ಮೇಲೆ ಕ್ಲಚ್ ಒಮ್ಮೆಲೇ ಬಿಟ್ಟಾಗ ಫ್ಲೈವೀಲ್‌ನಲ್ಲಿ ಕೂಡಿಟ್ಟಿದ್ದ ಏಟು ಬೇರೆ. ಟೈರ್ ಜಾರಿದರೆ ಇದೆಲ್ಲ ಹೊಗೆಯಾಗಿ ಹೋಗುತ್ತದೆ. ಟೈರ್ ಹಿಡಿದರೆ ಹೋಗಲು ಬೇರೆ ಜಾಗವೇ ಇಲ್ಲ. ಡ್ರ್ಯಾಗ್ ರೇಸಿಂಗ್‌ನ ತವರಾದ ಅಮೆರಿಕದ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಯ ನಿಯಮ ಓದಿದಾಗ ಇದೇ ಮಾತು ಬೇರೆ ರೂಪದಲ್ಲಿ ಸಿಕ್ಕಿತು. ಕಾಲು ಮೈಲಿಯನ್ನು 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ, ಸ್ಲಿಕ್ (ಗೀರಿಲ್ಲದ, ನೆಲಕ್ಕೆ ಅಂಟುವ) ಟೈರ್ ಹಾಕಿದ ಗಾಡಿಗೆ ಶಾಫ್ಟ್ ಲೂಪ್, ಅಂದರೆ ಶಾಫ್ಟ್ ಮುರಿದರೆ ಹಿಡಿದಿಡುವ ಉಕ್ಕಿನ ಬಳೆ, ಬೇಕೇ ಬೇಕು. ಬರೀ ವೇಗ ಅಲ್ಲ, ಟೈರನ್ನೂ ನೋಡುತ್ತಾರೆ. ನನ್ನ ಗಾಡಿ ಆ ವೇಗಕ್ಕೆ ಬರುವುದಿಲ್ಲ. ಆದರೆ ನನ್ನ ಕಾಲು ಮಾತ್ರ ಅದೇ ಜಾಗದಲ್ಲಿರುತ್ತದೆ, ಅಲ್ವಾ?

ಲೂಪ್‌ಗೆ ಅದೇ ನಿಯಮದ ಅಳತೆ ಹಿಡಿದೆ: ಎರಡು ಇಂಚು ಅಗಲ, ಕಾಲು ಇಂಚು ದಪ್ಪದ ಉಕ್ಕಿನ ಪಟ್ಟಿ, ಶಾಫ್ಟನ್ನು ಪೂರ್ತಿ ಸುತ್ತುವರಿಯಬೇಕು, ಮುಂದಿನ ಜಾಯಿಂಟ್‌ನಿಂದ ಆರು ಇಂಚಿನ ಒಳಗೆ ಇರಬೇಕು. ನಮ್ಮಲ್ಲಿ ಸಲೀಸಾಗಿ ಸಿಗುವ 50×6 ಮಿಮೀ ಪಟ್ಟಿ ಕೂದಲೆಳೆಯಷ್ಟು ತೆಳು. ಹಾಗಾಗಿ 50×8 ತಗೊಂಡೆ. ಬಗ್ಗಿಸಲು ಬಿಸಿ ಮಾಡಬೇಕಾಯಿತು, ಪರವಾಗಿಲ್ಲ. ಎರಡು ಅರ್ಧ ಮಾಡಿ ಬೋಲ್ಟ್‌ನಿಂದ ಸೇರಿಸಿದೆ, ಶಾಫ್ಟ್ ಇಳಿಸುವಾಗ ಬಿಚ್ಚಲು ಬರಲಿ ಅಂತ.

ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ. ಬರೀ ತಗಡಿಗೆ ತೂತು ಹೊಡೆದು ಲೂಪ್ ಕಟ್ಟಿದರೆ ಶಾಫ್ಟ್ ಬಡಿದಾಗ ಲೂಪ್ ಸಮೇತ ಕಿತ್ತು ಬರುತ್ತದೆ. ಒಳಗಿನಿಂದ ಅಂಗೈ ಅಗಲದ ದಪ್ಪ ಪ್ಲೇಟ್ ಕೊಟ್ಟು, 8.8 ಗುರುತಿನ (ಗಟ್ಟಿ ಉಕ್ಕಿನ) 10 ಎಂಎಂ ಬೋಲ್ಟ್ ನಾಲ್ಕು ಹಾಕಿದೆ. ಶಾಫ್ಟ್‌ನ ಮುಂದಿನ ತುದಿ ಮೇಲೆ ಕೆಳಗೆ ಹೆಚ್ಚು ಆಡುವುದಿಲ್ಲ, ಆಡುವುದು ಹಿಂದಿನ ತುದಿ. ಹಾಗಾಗಿ ಮುಂದಿನ ಲೂಪ್ ಶಾಫ್ಟ್‌ಗೆ ಹತ್ತಿರವೇ ಇರಬಹುದು. ಹತ್ತಿರ ಇದ್ದಷ್ಟೂ ಒಳ್ಳೇದು, ಬೀಸಲು ಜಾಗ ಸಿಗುವುದಿಲ್ಲ.

ಶಾಫ್ಟ್ ಹೊಸದೇ ಮಾಡಿಸಿದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಅಲೆದು, ಗ್ರೀಸ್ ತುಂಬುವ ನಿಪ್ಪಲ್ ಇಲ್ಲದ ಗಟ್ಟಿ ಕ್ರಾಸ್ ತಂದೆ. ನಿಪ್ಪಲ್ ಇದ್ದರೆ ಒಳಗೆ ತೂತು ಇರುತ್ತದೆ, ಏಟು ಬಿದ್ದಾಗ ಬಿರುಕು ಅಲ್ಲಿಂದಲೇ ಶುರು. ಹಳೇ ಟ್ಯೂಬ್ ನೋಡಿ ಲೇತ್ ಅಣ್ಣ ಹೇಳಿದ್ದು: "ಸಾರ್, ಇದನ್ನ ಕೊಯ್ದೋರು ಯೋಕ್ ಎರಡನ್ನೂ ಒಂದೇ ಗೆರೆಗೆ ಕೂರಿಸಿಲ್ಲ, ನೋಡಿ." ನಿಜ. ಯೋಕ್ ಅಂದರೆ ಕ್ರಾಸ್ ಹಿಡಿಯುವ ಕವೆ; ಹಿಂದಿನದು ಸ್ವಲ್ಪ ತಿರುಚಿಕೊಂಡಿತ್ತು. ಎರಡೂ ಒಂದೇ ಗೆರೆಯಲ್ಲಿದ್ದರೆ ಒಂದು ಕ್ರಾಸ್ ಮಾಡುವ ಏರುಪೇರನ್ನು ಇನ್ನೊಂದು ಸರಿಮಾಡುತ್ತದೆ. ಇಲ್ಲದಿದ್ದರೆ ಪ್ರತಿ ಸುತ್ತಿಗೂ ನಡುಕ. ಆ ನಡುಕವನ್ನು ನಾನು ಒಂದು ವರ್ಷ ಎಂಜಿನ್ ಮೌಂಟಿಂಗ್ ತಪ್ಪು ಅಂದುಕೊಂಡಿದ್ದೆ.

ಟ್ಯೂಬ್ ವ್ಯಾಸದ ಮಾತು ಇನ್ನೊಂದು. ಪ್ರತಿ ಶಾಫ್ಟ್‌ಗೂ ಒಂದು ವೇಗವಿದೆ, ಅದನ್ನು ಮುಟ್ಟಿದರೆ ಸ್ಕಿಪ್ಪಿಂಗ್ ಹಗ್ಗದ ಹಾಗೆ ನಡುವೆ ಬಿಲ್ಲಾಗುತ್ತದೆ. ಉದ್ದ ಎರಡು ಪಟ್ಟಾದರೆ ಆ ವೇಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನನ್ನದು ಜಾಯಿಂಟ್‌ನಿಂದ ಜಾಯಿಂಟ್‌ಗೆ 1400 ಮಿಮೀ. 60 ಮಿಮೀ ಟ್ಯೂಬ್‌ಗೆ ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 5,000 ಸುತ್ತು ಬಂತು. ಗಾಡಿ 120 ಕಿಮೀ ಓಡುವಾಗ ಚಕ್ರ ನಿಮಿಷಕ್ಕೆ ಸುಮಾರು 1,000 ಸುತ್ತು, ಶಾಫ್ಟ್ 4,500. ಅಂಚಿನ ಮೇಲೇ ನಡೆದ ಹಾಗಾಯಿತಲ್ಲ! 75 ಮಿಮೀ ಟ್ಯೂಬ್ ಹಾಕಿಸಿದೆ, ಲೆಕ್ಕ 6,300ಕ್ಕೆ ಹೋಯಿತು. ಆಮೇಲೆ ಬ್ಯಾಲೆನ್ಸಿಂಗ್ ಮಾಡಿಸಿದೆ. ಅದನ್ನು ಬಿಡುವ ಹಾಗೇ ಇಲ್ಲ.

ಇಷ್ಟಾದರೂ ಕ್ರಾಸ್ ಯಾಕೆ ಅಷ್ಟು ಬೇಗ ಹೋಯಿತು ಅನ್ನುವುದು ಕೊರೆಯುತ್ತಿತ್ತು. ಹಳೇ ಫೋನ್ ಒಂದನ್ನು ಗಾಡಿ ಕೆಳಗೆ ಕಟ್ಟಿ ವಿಡಿಯೋ ಮಾಡಿದೆ. ಕ್ಲಚ್ ಬಿಟ್ಟ ಕ್ಷಣ ಪಟ್ಟಾ ಸ್ಪ್ರಿಂಗ್ ಎಸ್ ಆಕಾರಕ್ಕೆ ತಿರುಚಿ, ಹೌಸಿಂಗ್‌ನ ಮೂತಿ (ಶಾಫ್ಟ್ ಸೇರುವ ತುದಿ) ಮೇಲಕ್ಕೆ ಎದ್ದು ಕೂರುತ್ತಿತ್ತು. ಕ್ರಾಸ್ ತನ್ನ ಕೋನ ಮೀರಿ ಮಡಚಿಕೊಳ್ಳುತ್ತಿತ್ತು. ಸ್ಪ್ರಿಂಗ್ ತಿರುಚದಂತೆ ತಡೆಯುವ ಟ್ರ್ಯಾಕ್ಷನ್ ಬಾರ್ ಹಾಕಿ, ಮೂತಿಯನ್ನು ನಿಂತಾಗ ಮೂರು ಡಿಗ್ರಿ ಕೆಳಗೆ ಇಟ್ಟೆ. ಈಗ ಹೊರಡುವಾಗ ಅದು ನೇರಕ್ಕೆ ಬಂದು ನಿಲ್ಲುತ್ತದೆ. ಗೇರ್‌ಬಾಕ್ಸ್ ಒಳಗೆ ಹಿಂದೆ ಮುಂದೆ ಜಾರುವ ಸ್ಲಿಪ್ ಯೋಕ್ ತಳ ಮುಟ್ಟದ ಹಾಗೆ 20 ಮಿಮೀ ಬಿಟ್ಟಿದ್ದೇನೆ.

ಪ್ರತಿ ಈವೆಂಟ್ ಆದ ಮೇಲೆ ಶಾಫ್ಟ್ ಇಳಿಸುತ್ತೇನೆ. ಗಾಡಿ ಸ್ಟ್ಯಾಂಡ್ ಮೇಲೆ, ಮುಂದಿನ ಚಕ್ರಕ್ಕೆ ಕಲ್ಲು, ಬರೀ ಜ್ಯಾಕ್ ನಂಬಿ ಕೆಳಗೆ ಹೋಗುವುದಿಲ್ಲ. ಕ್ರಾಸ್ ಆಡಿಸುತ್ತೇನೆ, ಕಪ್ ಹಿಡಿದಿಡುವ ಸರ್ಕ್ಲಿಪ್ ನೋಡುತ್ತೇನೆ, ಕಪ್ ಸುತ್ತ ಕೆಂಪು ಹುಡಿ ಇದೆಯಾ ಅಂತ ಬಿಳಿ ಬಟ್ಟೆಯಲ್ಲಿ ಒರೆಸುತ್ತೇನೆ. ಕಳೆದ ಸಲ ಬಟ್ಟೆ ಸ್ವಚ್ಛವಾಗಿಯೇ ಬಂತು. ಆದರೆ ಹೌಸಿಂಗ್ ಕಡೆಗೆ ಹಾಕಿದ ಎರಡನೇ ಲೂಪ್‌ನ ಕೆಳಗಿನ ಪಟ್ಟಿಯಲ್ಲಿ ಹೊಳೆಯುವ ಗೀರು ಕಂಡಿತು. ಗಾಡಿ ಜ್ಯಾಕ್ ಮೇಲೆ ಎತ್ತಿದಾಗ ಹೌಸಿಂಗ್ ಜೋತು ಬಿದ್ದು ಶಾಫ್ಟ್ ಅಲ್ಲಿಗೆ ತಾಗುತ್ತಿದೆ. ಆ ಪಟ್ಟಿಯನ್ನು ಇನ್ನೂ 15 ಮಿಮೀ ಕೆಳಗೆ ಇಳಿಸಬೇಕು. ಈ ಭಾನುವಾರ ಅದೇ ಕೆಲಸ.