ದಾವಣಗೆರೆ ನೀರಿನಲ್ಲಿ ಇಥಿಯೋಪಿಯಾ ಕಾಫಿ ಮಾಡುವ ಬಗೆ

ಇಥಿಯೋಪಿಯಾದ ಯಿರ್ಗಾಚೆಫೆ ಕಡೆ ಕಾಫಿ ಬೆಳೆಯುವವರು ಬಹುಪಾಲು ತುಂಡು ಹಿಡುವಳಿಯ ರೈತರು. ಎತ್ತರ 1,700ರಿಂದ 2,200 ಮೀಟರ್. ಅಲ್ಲಿನ ರಾತ್ರಿ ಚಳಿಗೆ ಹಣ್ಣು ನಿಧಾನವಾಗಿ ಮಾಗಿ ಬೀಜ ಗಟ್ಟಿಯಾಗುತ್ತದೆ, ಹುಳಿಯೂ ಸಿಹಿಯೂ ತುಂಬಿಕೊಳ್ಳುತ್ತವೆ. ನೂರಾರು ರೈತರು ತಂದ ಹಣ್ಣನ್ನು ಒಂದೇ ವಾಷಿಂಗ್ ಸ್ಟೇಷನ್‌ನಲ್ಲಿ ಸಂಸ್ಕರಿಸುತ್ತಾರೆ. ಕೀನ್ಯಾದಲ್ಲಿ ಇದಕ್ಕೇ ‘ಫ್ಯಾಕ್ಟರಿ’ ಅನ್ನುತ್ತಾರೆ. ಹೀಗಾಗಿ ಪೊಟ್ಟಣದ ಮೇಲೆ ಬರೀ ‘ಆಫ್ರಿಕನ್ ಕಾಫಿ’ ಎಂದಿದ್ದರೆ ಕೊಳ್ಳಬೇಡಿ. ಸ್ಟೇಷನ್ ಹೆಸರು, ಎತ್ತರ, ವಾಶ್ಡ್ (ತಿರುಳು ತೆಗೆದು ತೊಳೆದು ಒಣಗಿಸಿದ್ದು) ಅಥವಾ ನ್ಯಾಚುರಲ್ (ಹಣ್ಣಿನ ಸಮೇತ ಒಣಗಿಸಿದ್ದು), ಹುರಿದ ತಾರೀಖು ಇವಿಷ್ಟೂ ಇರಲಿ. ಹುರಿದ ಹತ್ತು ದಿನದ ಮೇಲೆ ಪೊಟ್ಟಣ ಒಡೆದರೆ ರುಚಿ ಕೂಡಿರುತ್ತದೆ.

ಈ ಕಾಫಿಗೆ ಕೊಟ್ಟ ದುಡ್ಡೆಲ್ಲ ಅದರ ನಿಂಬೆಯಂಥ ಹುಳಿಗೆ, ಮಲ್ಲಿಗೆಯಂಥ ಘಮಕ್ಕೆ. ನಮ್ಮ ಕಡೆ ಅದನ್ನು ಕೊಲ್ಲುವುದು ನೀರು. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಆ ಪೊರೆ ಕಟ್ಟಿಸುವ ಬೈಕಾರ್ಬನೇಟ್ ಎಂಬ ಲವಣವೇ ಹುಳಿಯನ್ನು ನುಂಗಿ ಕಾಫಿಯನ್ನು ಸೀಮೆಸುಣ್ಣದ ರುಚಿಗೆ ತರುತ್ತದೆ. ಹಾಗಂತ ಬರೀ ಕ್ಯಾನ್ ನೀರೂ ಆಗದು. ಆರ್‌ಓ ನೀರಿನಲ್ಲಿ ಖನಿಜ ತೀರಾ ಕಡಿಮೆ, ಪುಡಿಯಿಂದ ಸಾರ ಸರಿಯಾಗಿ ಇಳಿಯದೆ ಕಾಫಿ ತೆಳ್ಳಗೆ, ಚುರುಕಾಗಿ ಹುಳಿ ಹುಳಿಯಾಗುತ್ತದೆ. ನಲ್ಲಿ ನೀರನ್ನು ಐದು ನಿಮಿಷ ಕುದಿಸಿ ಆರಿಸಿ, ಮೇಲಿನ ತಿಳಿಯನ್ನಷ್ಟೇ ಬಸಿದು, ಅಷ್ಟೇ ಕ್ಯಾನ್ ನೀರಿಗೆ ಬೆರೆಸಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ 100ರಿಂದ 150 ತೋರಿಸುವ ತನಕ ಹದ ಮಾಡಿ. ಚಿತ್ರದುರ್ಗದ ಕಡೆ ಫ್ಲೋರೈಡ್ ಇರುವ ಬೋರ್‌ಗಳಿವೆ, ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು ಬಳಸದ ನೀರನ್ನು ಇದಕ್ಕೂ ಬೆರೆಸಬೇಡಿ.

ಬೀಜವನ್ನು ಪುಡಿ ಅಂಗಡಿಯ ಮಿಲ್ಲಿಗೆ ಕೊಡಬೇಡಿ. ಅದರೊಳಗಿನ ಚಿಕರಿ ವಾಸನೆ ನೇರ ನಿಮ್ಮ ಕಾಫಿಗೆ ಬರುತ್ತದೆ. ಮಿಕ್ಸಿಯಲ್ಲಿ ಅರ್ಧ ಹಿಟ್ಟಾಗುತ್ತದೆ, ಅರ್ಧ ನುಚ್ಚಾಗಿ ಉಳಿಯುತ್ತದೆ. ಕೈಯಲ್ಲಿ ತಿರುಗಿಸುವ ಗ್ರೈಂಡರ್ ಒಂದಿದ್ದರೆ ಸಾಕು. ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಗಿಂತ ಸಣ್ಣ, ಅದೇ ಹದ.

ಅಳತೆ: ಪುಡಿ 15 ಗ್ರಾಂ, ನೀರು 240 ಗ್ರಾಂ. ಚಮಚದ ಲೆಕ್ಕ ಬೇಡ, ತಕ್ಕಡಿಯ ಮೇಲೇ ಮಾಡಿ. ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ನೀರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟರೆ ಬೇಕಾದ ಬಿಸಿಗೆ ಬರುತ್ತದೆ. ಕೋನ್ ಆಕಾರದ ಡ್ರಿಪ್ಪರಿಗೆ (ತಳದಲ್ಲಿ ತೂತಿರುವ, ಕಾಫಿ ಸೋಸುವ ಬಟ್ಟಲು) ಫಿಲ್ಟರ್ ಪೇಪರ್ ಹಾಕಿ, ಬಿಸಿನೀರಿನಲ್ಲಿ ತೊಳೆದು ಆ ನೀರು ಚೆಲ್ಲಿ. ಪುಡಿ ಹಾಕಿ ಮಟ್ಟ ಮಾಡಿ, ಮೊದಲು 45 ಗ್ರಾಂ ನೀರು ಹುಯ್ದು 40 ಸೆಕೆಂಡ್ ಕಾಯಿರಿ. ಪುಡಿ ದೋಸೆ ಹಿಟ್ಟಿನ ಹಾಗೆ ಉಬ್ಬಿ ಗುಳ್ಳೆ ಬಿಡುತ್ತದೆ. ಗುಳ್ಳೆಯೇ ಏಳದಿದ್ದರೆ ಬೀಜ ಹಳೆಯದು. ಆಮೇಲೆ ನಡುವಿನಿಂದ ಸುತ್ತುತ್ತಾ ತಕ್ಕಡಿ 150 ತೋರಿಸುವವರೆಗೆ, ಸ್ವಲ್ಪ ಇಳಿದ ಮೇಲೆ 240ರವರೆಗೆ ಹುಯ್ಯಿರಿ. ಒಟ್ಟು ಮೂರು ನಿಮಿಷದ ಆಸುಪಾಸಿನಲ್ಲಿ ಇಳಿದು ಮುಗಿಯಬೇಕು.

ಎರಡು ನಿಮಿಷಕ್ಕೇ ಇಳಿದು ಹುಣಸೆಯ ಹಾಗೆ ಹುಳಿಯಾದರೆ ಪುಡಿ ದಪ್ಪವಾಗಿದೆ. ನಾಲ್ಕು ನಿಮಿಷ ಹಿಡಿದು ನಾಲಿಗೆ ಒಗರಾದರೆ ಸಣ್ಣಗಾಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗದು. ಹಾಲು, ಸಕ್ಕರೆ ಇಲ್ಲದೆ, ತುಸು ಆರಿಸಿ ಕುಡಿಯಿರಿ. ಸುಡುಸುಡು ಕುಡಿದರೆ ಘಮ ಸಿಗುವುದಿಲ್ಲ. ಹಾಲಿಗೆ ನಮ್ಮ ಚಿಕ್ಕಮಗಳೂರು ಪುಡಿಯೇ ಒಳ್ಳೆಯದು.

ಡ್ರಿಪ್ಪರ್ ಇಲ್ಲದವರು ಅದೇ ಅಳತೆಯಲ್ಲಿ, ಪುಡಿ ತುಸು ದಪ್ಪ ಮಾಡಿಕೊಂಡು, ಸ್ಟೀಲ್ ಚೊಂಬಿನಲ್ಲಿ ನಾಲ್ಕು ನಿಮಿಷ ನೆನೆಸಿ. ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು, ತೆಳು ಬಟ್ಟೆಯಲ್ಲಿ ಸೋಸಿದರೆ ಆಯಿತು.

ಏಪ್ರಿಲ್, ಮೇ ಬಿಸಿಲಿಗೆ ಡಬ್ಬಿಯನ್ನು ಒಲೆಯ ಹತ್ತಿರ ಇಡಬೇಡಿ. ದಿನಾ ತೆಗೆದಿಡುವ ಡಬ್ಬಿ ಫ್ರಿಜ್ಜಿಗೂ ಬೇಡ, ಬೀಜದ ಮೇಲೆ ಪಸೆ ಕೂರುತ್ತದೆ.

ರುವಾಂಡಾ, ಬುರುಂಡಿ ಕಾಫಿಯಲ್ಲಿ ಒಮ್ಮೊಮ್ಮೆ ಹಸಿ ಆಲೂಗಡ್ಡೆಯ ವಾಸನೆ ಬರುತ್ತದೆ. ಗಿಡದಲ್ಲಿರುವಾಗಲೇ ಆಂಟೆಸ್ಟಿಯಾ ಎಂಬ ತಿಗಣೆ ಜಾತಿಯ ಕೀಟ ಕಚ್ಚಿದ ಹಣ್ಣಿನ ದೋಷ ಇದು, ಹುರಿದವರ ತಪ್ಪಲ್ಲ, ಆರೋಗ್ಯಕ್ಕೂ ಕೆಡುಕಿಲ್ಲ. ಪುಡಿ ಮಾಡಿದ ಕೂಡಲೇ ಮೂಗಿಗೆ ಹಿಡಿದು ನೋಡಿ. ಒಂದೇ ಬೀಜದಿಂದ ಬಂದಿರುತ್ತದೆ, ಪೊಟ್ಟಣವನ್ನೇ ಎಸೆಯಬೇಡಿ. ಆ ಪುಡಿ ಚೆಲ್ಲಿ, ಗ್ರೈಂಡರ್ ಬ್ರಷ್ ಹಾಕಿ ತೆಗೆದು, ಬೇರೆ 15 ಗ್ರಾಂ ಪುಡಿ ಮಾಡಿಕೊಳ್ಳಿ.