ಟ್ರ್ಯಾಕಿಗೆ ಹೊರಟ ಕಾರಿನ ಬ್ರೇಕ್: ಮೊದಲು ಆಯಿಲ್, ಕೊನೆಗೆ ಕ್ಯಾಲಿಪರ್

ಎಕ್ಸ್‌ಪ್ರೆಸ್‌ವೇಯಲ್ಲಿ ಖಂಡಾಲಾ ಘಾಟ್ ಇಳಿಯುವ ಲಾರಿಗಳ ಹಿಂದೆ ಬರುವ ಸುಟ್ಟ ಬ್ರೇಕಿನ ವಾಸನೆ ಪುಣೆ–ಮುಂಬೈ ಓಡಾಡುವ ಎಲ್ಲರಿಗೂ ಗೊತ್ತು. ರೇಸ್ ಟ್ರ್ಯಾಕಿಗೆ ಇಳಿದ ಸ್ಪೋರ್ಟ್ಸ್ ಕಾರಿನ ಬ್ರೇಕಿಗೂ ಅದೇ ಪಾಡು, ಅದೂ ನಾಲ್ಕೈದು ಲ್ಯಾಪಿನೊಳಗೆ. ಲೆಕ್ಕ ಹಾಕಿ ನೋಡಿ. 1,500 ಕೆ.ಜಿ. ತೂಕದ ಕಾರು ಗಂಟೆಗೆ 200 ಕಿ.ಮೀ.ಯಿಂದ 80ಕ್ಕೆ ಇಳಿಯುವಾಗ, ಗಾಳಿಯ ತಡೆ ಬಿಟ್ಟರೆ, ಸುಮಾರು 19 ಲಕ್ಷ ಜೌಲ್ ಶಕ್ತಿ ಕಾವಾಗಿ ಹೊರಬೀಳುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮುಂದಿನ ಚಕ್ರಗಳದ್ದು ಎಂದಿಟ್ಟುಕೊಳ್ಳಿ. ಚಕ್ರದ ಜೊತೆ ತಿರುಗುವ ಡಿಸ್ಕ್ ತಲಾ 10 ಕೆ.ಜಿ.ಯದಾದರೆ ಒಂದು ಸಲ ಬ್ರೇಕ್ ಒತ್ತಿದ್ದಕ್ಕೇ ಅದರ ಬಿಸಿ ಹತ್ತಿರ ಹತ್ತಿರ 150 ಡಿಗ್ರಿ ಏರುತ್ತದೆ. ಅದು ಆರುವಷ್ಟರಲ್ಲಿ ಇನ್ನೊಂದು ತಿರುವು ಬಂದಿರುತ್ತದೆ.

ಕಂಪನಿ ಬ್ರೇಕಿನಲ್ಲಿ ಬಲಕ್ಕೆ ಕೊರತೆ ಇರುವುದು ಅಪರೂಪ. ಜೋರಾಗಿ ಒತ್ತಿದಾಗ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಶುರು ಮಾಡಿತೆಂದರೆ ಟೈರಿನ ಹಿಡಿತ ಅಲ್ಲಿಗೆ ಮುಗಿಯಿತು. ಎಷ್ಟು ದೊಡ್ಡ ಕ್ಯಾಲಿಪರ್ (ಪ್ಯಾಡ್ ಎಂಬ ಉಜ್ಜುತುಂಡುಗಳನ್ನು ಆಯಿಲ್ ಒತ್ತಡದಿಂದ ಡಿಸ್ಕಿಗೆ ಒತ್ತುವ ಭಾಗ) ಹಾಕಿದರೂ ಕಾರು ಅದಕ್ಕಿಂತ ಬೇಗ ನಿಲ್ಲದು. ಸಾಲದಿರುವುದು ಕಾವು ತಾಳುವ ಶಕ್ತಿ. ದುಡ್ಡು ಅಲ್ಲಿಗೆ ಹೋಗಬೇಕು.

ಮೊದಲು ರೋಗ ಗುರುತಿಸಿ

ಪೆಡಲ್ ಮೆತ್ತಗಾಗಿ ನೆಲದ ಕಡೆ ಇಳಿದರೆ ಕ್ಯಾಲಿಪರಿನೊಳಗೆ ಆಯಿಲ್ ಕುದಿದು ಆವಿಗುಳ್ಳೆ ಎದ್ದಿದೆ ಎಂದರ್ಥ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ತನ್ನ ಮಿತಿ ದಾಟಿದೆ. ಸ್ಟೀರಿಂಗ್ ನಡುಗಿದರೆ ಡಿಸ್ಕ್ ಡೊಂಕಾಯಿತು ಎಂದು ಬಿಸಾಡಬೇಡಿ. ಬಹಳ ಸಲ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಅಲ್ಲಲ್ಲಿ ಮೆತ್ತಿಕೊಂಡಿರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಬ್ರೇಕ್ ಆಯಿಲ್

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಮುಂಬೈ, ಗೋವೆಯ ಹವೆಯಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ, ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಡಾಟ್ 4 ದರ್ಜೆಯ ಆಯಿಲ್‌ಗೆ ಕಡ್ಡಾಯವಾದ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ, ನೂರಕ್ಕೆ 3.7ರಷ್ಟು ನೀರು ಸೇರಿದಾಗ ಬರೀ 155. ಟ್ರ್ಯಾಕಿಗೆ ಮೋಟುಲ್ ಆರ್‌ಬಿಎಫ್ 600 ಹಾಕಿದರೆ ಈ ಅಂಕಿ 312 ಮತ್ತು 205. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ದುಬಾರಿ, ಆದರೆ ನೀರು ಸೇರಿದ ಮೇಲೂ 270ರವರೆಗೆ ತಾಳುತ್ತದೆ. ಡಾಟ್ 5 ಸಿಲಿಕಾನ್ ಆಯಿಲ್ ಬೇಡವೇ ಬೇಡ: ಅದು ಇವುಗಳ ಜೊತೆ ಬೆರೆಯುವುದಿಲ್ಲ.

ಪೂರ್ತಿ ಬದಲಿಸಲು ಒಂದು ಲೀಟರ್ ಸಾಕು. ಅರ್ಧ ಲೀಟರಿನ ಎರಡು ಸೀಲ್ಡ್ ಬಾಟಲಿ ತೆಗೆದುಕೊಳ್ಳಿ. ತೆರೆದು ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡಬೇಡಿ. ಮಳೆಗಾಲ ಕಳೆದ ಮೇಲೆ ಒಮ್ಮೆ, ಪ್ರತಿ ಟ್ರ್ಯಾಕ್ ದಿನಕ್ಕೆ ಮುಂಚೆ ಇನ್ನೊಮ್ಮೆ ಬದಲಿಸಿದರೆ ಬಹುಪಾಲು ಜನರ ಪೆಡಲ್ ತೊಂದರೆ ಅಷ್ಟಕ್ಕೇ ನಿಲ್ಲುತ್ತದೆ.

ಪ್ಯಾಡ್

ಪುಣೆಯಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿ ಸುಮಾರು 1,200 ಕಿ.ಮೀ. ಕಾರು ಓಡಿಸಿಕೊಂಡೇ ಹೋಗುವವರು ಅಪ್ಪಟ ರೇಸ್ ಪ್ಯಾಡ್ ಹಾಕಿಕೊಂಡು ಹೊರಡಬಾರದು. ತಣ್ಣಗಿದ್ದಾಗ ಅದು ಕಚ್ಚುವುದಿಲ್ಲ. ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂದರೆ ಮೊದಲ ಒತ್ತಿಗೆ ಕಾರು ನಿಲ್ಲದು. ಫೆರೋಡೊ ಡಿಎಸ್2500 ತರಹದ, ರಸ್ತೆಗೂ ಟ್ರ್ಯಾಕಿಗೂ ನಡುವಿನ ಪ್ಯಾಡ್ ಆರಿಸಿ, ಇಲ್ಲವೇ ರೇಸ್ ಪ್ಯಾಡನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಅಲ್ಲೇ ಬದಲಿಸಿ. ಕರಿಯ ಲ್ಯಾಪ್ 2.1 ಕಿ.ಮೀ. ಮಾತ್ರ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಂತೆ ಒಂದು ಕಿ.ಮೀ. ಮೀರಿದ ನೇರ ಹಾದಿ ಅಲ್ಲಿಲ್ಲ ಎಂದು ಹಗುರಾಗಬೇಡಿ, ಬ್ರೇಕ್ ಆರಲು ಬಿಡುವೂ ಅಲ್ಲಿ ಸಿಗುವುದಿಲ್ಲ.

ಪ್ಯಾಡ್ ಅರ್ಧ ಸವೆದರೆ ಟ್ರ್ಯಾಕಿನ ಮಟ್ಟಿಗೆ ಅದರ ಕೆಲಸ ಮುಗಿಯಿತು. ತೆಳುವಾದಷ್ಟೂ ಕಾವು ನೇರವಾಗಿ ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ. ಕಳಚಿದಾಗ ಅಂಚು ನೋಡಿ: ಬೂದಿ ಬಣ್ಣಕ್ಕೆ ತಿರುಗಿ ಉಗುರಿಗೆ ಪುಡಿ ಉದುರಿದರೆ ಆ ಪ್ಯಾಡ್ ಸುಟ್ಟಿದೆ, ಇನ್ನೂ ದಪ್ಪವಿದ್ದರೂ ಬೇಡ.

ಡಿಸ್ಕ್ ಮತ್ತು ಗಾಳಿ

ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ಬಿಸಿಯಾಗಿ ಆರುವಾಗ ಬಿರುಕು ಹುಟ್ಟುವುದು ಆ ತೂತಿನ ಬಾಯಲ್ಲೇ. ಗೀರು ಹಾಕಿದ ಡಿಸ್ಕ್ ವಾಸಿ. ಹಬ್ಬಿಗೆ ಕೂರುವ ನಡುಭಾಗ (ಬೆಲ್) ಅಲ್ಯೂಮಿನಿಯಂನದಾಗಿದ್ದು ಹೊರಗಿನ ಉಂಗುರ ಹಿಗ್ಗಲು ಜಾಗವಿರುವ ಎರಡು ಭಾಗದ ಡಿಸ್ಕ್ ಸಿಕ್ಕರೆ ಇನ್ನೂ ಒಳ್ಳೆಯದು. ಡಿಸ್ಕಿನ ಎರಡು ಮುಖಗಳ ನಡುವೆ ಗಾಳಿ ಹರಿಸುವ ರೆಕ್ಕೆಗಳು ಬಾಗಿದ್ದರೆ ಎಡ–ಬಲ ಬೇರೆ ಬೇರೆ: ಚಕ್ರ ಮುಂದಕ್ಕೆ ತಿರುಗುವಾಗ ರೆಕ್ಕೆಯ ಹೊರತುದಿ ಹಿಂದಕ್ಕೆ ವಾಲಿರಬೇಕು. ಮೇಲಿನ ಗೀರು ನೋಡಿ ದಿಕ್ಕು ನಿರ್ಧರಿಸಬೇಡಿ.

ಕೂರಿಸುವ ಮುನ್ನ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜಿ. ಗೋವೆಯ ಉಪ್ಪುಗಾಳಿಯಲ್ಲಿ ನಿಂತ ಕಾರಿನಲ್ಲಿ ಬೋಲ್ಟಿನ ಸುತ್ತ ತುಕ್ಕಿನ ಚಕ್ಕೆ ಎದ್ದಿರುತ್ತದೆ. ಒಂದು ಚಕ್ಕೆ ಉಳಿದರೂ ಹೊಸ ಡಿಸ್ಕ್ ಓಲಾಡುತ್ತದೆ. ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ. ಓಲಾಟ 0.05 ಮಿ.ಮೀ. ಮೀರಿದರೆ ಬಿಚ್ಚಿ ಮತ್ತೆ ಉಜ್ಜಿ.

ಬಿಸಿ ಅಳೆಯಲು ಡಿಸ್ಕಿನ ಅಂಚಿಗೆ ಹಚ್ಚುವ ಬಣ್ಣ ಸಿಗುತ್ತದೆ: ಹಸಿರು 430, ಕಿತ್ತಳೆ 560, ಕೆಂಪು 610 ಡಿಗ್ರಿಗೆ ಬಣ್ಣಗೆಡುತ್ತದೆ. ಕೆಂಪು ಹೋಗಿದ್ದರೆ ಗಾಳಿ ಬೇಕೇ ಬೇಕು. ಮುಂದಿನ ಬಂಪರಿನಿಂದ 75 ಮಿ.ಮೀ. ಪೈಪ್ ತಂದು ಡಿಸ್ಕಿನ ನಡುಗಣ್ಣಿಗೆ ಬಾಯಿ ಮಾಡಿ, ರೆಕ್ಕೆಗಳೇ ಅದನ್ನು ಹೊರಕ್ಕೆ ಎಳೆದೊಯ್ಯುತ್ತವೆ. ಒಳಮುಖಕ್ಕೆ ಮಾತ್ರ ಗಾಳಿ ಬಡಿದರೆ ಎರಡು ಮುಖದ ಬಿಸಿ ಬೇರೆಯಾಗಿ ಡಿಸ್ಕ್ ಬಟ್ಟಲಿನಂತೆ ಬಾಗುತ್ತದೆ. ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ ಪೈಪ್ ಟೈರಿಗೆ ತಾಗುತ್ತದೆಯೇ ಎಂದು ನೋಡಿ.

ಕ್ಯಾಲಿಪರ್, ಅದೂ ಬೇಕಾದರೆ

ನಾಲ್ಕು ಪಿಸ್ಟನ್ ಎಂದರೆ ನಾಲ್ಕು ಪಟ್ಟು ಬಲ ಎಂಬ ನಂಬಿಕೆ ಬಿಡಿ. ಒಂದೇ ಬದಿಗೆ ಪಿಸ್ಟನ್ ಇರುವ, ಜಾರುವ ಕ್ಯಾಲಿಪರಿನ 57 ಮಿ.ಮೀ. ಪಿಸ್ಟನ್ನಿನ ವಿಸ್ತೀರ್ಣ 2,552 ಚದರ ಮಿ.ಮೀ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರಿನಲ್ಲಿ ಒಂದು ಬದಿಯದ್ದಷ್ಟೇ ಲೆಕ್ಕ: 38 ಮತ್ತು 42 ಮಿ.ಮೀ. ಸೇರಿ 2,520. ಬಲ ಅಷ್ಟೇ, ಆದರೆ ಮೈ ಬಾಗುವುದಿಲ್ಲ, ಪ್ಯಾಡ್ ದೊಡ್ಡದು, ಸವೆತ ಸಮ. ಹೀಗೆ ವಿಸ್ತೀರ್ಣ ಹೊಂದಿಸಿಯೇ ಆರಿಸಬೇಕು. ಮುಂದೆ ಮಾತ್ರ ದೊಡ್ಡ ಪಿಸ್ಟನ್ ಹಾಕಿದರೆ ಪೆಡಲ್ ಇನ್ನಷ್ಟು ಕೆಳಗೆ ಇಳಿಯುತ್ತದೆ, ಹೊರೆಯೆಲ್ಲ ಮುಂದಿನ ಟೈರಿಗೆ ಬೀಳುತ್ತದೆ, ಹಿಂದಿನ ಬ್ರೇಕ್ ಸುಮ್ಮನಿರುತ್ತದೆ, ಕಾರು ನಿಲ್ಲುವ ದೂರ ಹೆಚ್ಚುತ್ತದೆ.

ಕ್ಯಾಲಿಪರ್ ಕೂರಿಸುವ ಬ್ರಾಕೆಟ್ ಕಿಟ್‌ನ ಜೊತೆಗೇ ಬಂದರೆ ಒಳ್ಳೆಯದು. ಇಲ್ಲದಿದ್ದರೆ ಪುಣೆ ಬಳಿಯ ಭೋಸರಿಯ ಮಷೀನ್ ಶಾಪುಗಳಲ್ಲಿ ಮಾಡಿಸಿಕೊಳ್ಳಬಹುದು. ಬಾಯಿಮಾತಿಗೆ ಬೇಡ, ಡ್ರಾಯಿಂಗ್ ಕೊಟ್ಟು ಮಾಡಿಸಿ. ಕ್ಯಾಲಿಪರ್ ಡಿಸ್ಕಿಗೆ ಚೂರು ಓರೆಯಾದರೂ ಪ್ಯಾಡ್ ಬೆಣೆಯಂತೆ ಸವೆಯುತ್ತದೆ. ಕ್ಯಾಲಿಪರಿಗೂ ಚಕ್ರದ ಕಡ್ಡಿಗೂ ಕನಿಷ್ಠ 3 ಮಿ.ಮೀ. ಅಂತರ ಬೇಕು. ಕಂಪನಿ ಅಳತೆಯಿಂದ ದೂರ ಸರಿಯುವ ಮುನ್ನ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನದ ಮಾರ್ಪಾಡಿನ ಕುರಿತ 52ನೇ ಕಲಂ ಓದಿ, ವಿಮೆಯವರನ್ನೂ ಕೇಳಿ.

ಸ್ಟೀಲ್ ಹೆಣಿಗೆಯ ಹೋಸು ಹಾಕುವಾಗ ಹಳೆಯ ತಾಮ್ರದ ವಾಷರ್ ಮತ್ತೆ ಬಳಸಬೇಡಿ.

ಏರ್ ತೆಗೆಯುವುದು

ಕ್ಯಾಲಿಪರ್ ಎಡ–ಬಲ ಅದಲುಬದಲಾದರೆ ಗಾಳಿ ಹೊರಬಿಡುವ ನಿಪ್ಪಲ್ ಕೆಳಗೆ ಬರುತ್ತದೆ. ಆಗ ಎಷ್ಟು ಆಯಿಲ್ ಹರಿಸಿದರೂ ಗಾಳಿ ಮೇಲೆಯೇ ಕೂತು ಪೆಡಲ್ ಮೆತ್ತಗಿರುತ್ತದೆ; ನಿಪ್ಪಲ್ ಮೇಲಿರಬೇಕು. ಯಾವ ಚಕ್ರ ಮೊದಲು ಎಂಬುದನ್ನು ಕಾರಿನ ಮ್ಯಾನುಯಲ್ ಹೇಳಿದಂತೆ ಮಾಡಿ. ಹಳೆಯ ಕಾರಿನಲ್ಲಿ ಪೆಡಲನ್ನು ನೆಲಕ್ಕೆ ಮುಟ್ಟಿಸಬೇಡಿ: ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಎಂದೂ ಬಳಸದ ಒರಟು ಭಾಗಕ್ಕೆ ರಬ್ಬರ್ ಉಜ್ಜಿ ಹರಿಯುತ್ತದೆ. ಪೆಡಲ್ ಕೆಳಗೆ ಮರದ ತುಂಡು ಇಡಿ. ಎಬಿಎಸ್ ಘಟಕದಲ್ಲಿ ಗಾಳಿ ಸೇರಿದ್ದರೆ ಸ್ಕ್ಯಾನರ್ ಇಲ್ಲದೆ ಹೊರಬರದು.

ಪ್ಯಾಡ್ ಹದ ಮಾಡುವುದು

ಹೊಸ ಪ್ಯಾಡನ್ನು ಕಾಯಿಸಿ ಡಿಸ್ಕಿಗೆ ಹೊಂದಿಸುವ ಈ ಕೆಲಸವನ್ನು ಎಕ್ಸ್‌ಪ್ರೆಸ್‌ವೇಯಲ್ಲಿ ಮಾಡಬೇಡಿ. ಹಿಂದಿನವರ ಜೀವದ ಪ್ರಶ್ನೆ. ಟ್ರ್ಯಾಕಿನ ಮೊದಲ ಸುತ್ತುಗಳಲ್ಲಿ 100ರಿಂದ 40ಕ್ಕೆ ಎಂಟು ಹತ್ತು ಸಲ ಮಧ್ಯಮ ಒತ್ತಿನಲ್ಲಿ ಇಳಿಸಿ, ಆಮೇಲೆ ನಾಲ್ಕು ಸಲ ಜೋರಾಗಿ. ಪೂರ್ತಿ ನಿಲ್ಲಿಸಬೇಡಿ. ನಂತರ ಬ್ರೇಕ್ ಮುಟ್ಟದೆ ಎರಡು ಮೂರು ಲ್ಯಾಪ್ ಓಡಿಸಿ ಆರಿಸಿ. ಡಿಸ್ಕಿನ ಮೇಲೆ ಎಲ್ಲ ಕಡೆ ಒಂದೇ ಸಮನೆ ಬೂದು–ನೀಲಿ ಪದರ ಕಂಡರೆ ಹದವಾಗಿದೆ.

ಪ್ರತಿ ಸಲ ಟ್ರ್ಯಾಕಿಗೆ ಇಳಿದಾಗ ಕೊನೆಯ ಲ್ಯಾಪ್ ನಿಧಾನವಾಗಿರಲಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಟ್ಟೆ ಕೊಡಿ. ಐದು ನಿಮಿಷಕ್ಕೊಮ್ಮೆ ಕಾರನ್ನು ಅರ್ಧ ಅಡಿ ತಳ್ಳಿ, ಇಲ್ಲದಿದ್ದರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಕೂರುತ್ತದೆ. ಚಕ್ರ ಆರಿದ ಮೇಲೆ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ನೋಡಿ. ಸಂಜೆ ಊರಿಗೆ ಹೊರಡುವ ಮುನ್ನ ನಾಲ್ಕೂ ಚಕ್ರ ಬಿಚ್ಚಿ ಹೊರಗಿನ ಪ್ಯಾಡಿನ ಜೊತೆ ಒಳಗಿನದ್ದನ್ನೂ ಅಳೆಯಿರಿ. ಯಾವುದಾದರೂ 4 ಮಿ.ಮೀ.ಗಿಂತ ಇಳಿದಿದ್ದರೆ ಆ ಆಕ್ಸಲ್‌ನ ಎರಡೂ ಬದಿಗೆ ರಸ್ತೆಯ ಪ್ಯಾಡ್ ಹಾಕಿ, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿಯೇ ಗೇರ್ ಹಾಕಿ.