ಟೈಲ್ಸ್ ಕೊಳ್ಳುವ ಮುಂಚೆ ತಿರುಗಿಸಿ ನೋಡಿ

ಟೈಲ್ಸ್ ಅಂಗಡಿಯಲ್ಲಿ ಎಲ್ಲರೂ ಬಣ್ಣ, ಹೊಳಪು ನೋಡುತ್ತಾರೆ. ನೀವು ತಿರುಗಿಸಿ ಹಿಂಭಾಗ ನೋಡಿ. ಅಲ್ಲಿ ನಾಲ್ಕು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ನೀರು ಇಂಗಿ ಒದ್ದೆ ಕಲೆ ಹರಡಿದರೆ ಅದು ಹೆಚ್ಚಾಗಿ ಗೋಡೆಗೆ ಹಾಕುವ ಸೆರಾಮಿಕ್ ಟೈಲ್. ಹನಿ ಹಾಗೇ ಕೂತಿದ್ದರೆ ವಿಟ್ರಿಫೈಡ್, ಅಂದರೆ ಹೆಚ್ಚು ಬಿಸಿಯಲ್ಲಿ ಸುಟ್ಟು ಗಾಜಿನಂತೆ ಗಟ್ಟಿ ಮಾಡಿದ ಟೈಲ್. ಗೋಡೆಯ ಟೈಲ್ ತನ್ನ ತೂಕದ ಶೇ. 10ಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ, ವಿಟ್ರಿಫೈಡ್ ಅರ್ಧ ಶೇಕಡವೂ ಕುಡಿಯುವುದಿಲ್ಲ.

ಹಾಗಂತ ಗೋಡೆಯ ಟೈಲ್ ಕಳಪೆ ಅಂತಲ್ಲ. ಹಗುರ, ಕತ್ತರಿಸುವುದು ಸುಲಭ, ರೇಟೂ ಕಮ್ಮಿ. ಅಡುಗೆಮನೆ ಗೋಡೆಗೆ, ಬಚ್ಚಲಿನ ಗೋಡೆಗೆ ಅದೇ ಸಾಕು. ಆದರೆ ಡಿಸೈನ್ ಚೆನ್ನಾಗಿದೆ ಅಂತ ಅದನ್ನೇ ನೆಲಕ್ಕೆ ಹಾಕಿಸಬೇಡಿ. ಒಂದು ಸಿಲಿಂಡರ್ ಎಳೆದರೆ ಸಾಕು, ಬಿರುಕು ಬಿಡುತ್ತದೆ.

ಹಾಲ್‌ಗೆ ವಿಟ್ರಿಫೈಡ್ ಸರಿ. ಅದರಲ್ಲೂ ಎರಡು ಬಗೆ ಕೇಳಿರುತ್ತೀರಿ. ಜಿವಿಟಿ (ಗ್ಲೇಜ್ಡ್ ವಿಟ್ರಿಫೈಡ್ ಟೈಲ್) ಅಂದರೆ ಮೇಲ್ಮೈಯಲ್ಲಿ ಮಾತ್ರ ಪ್ರಿಂಟ್. ಮರ, ಮಾರ್ಬಲ್, ಏನು ಬೇಕಾದರೂ ಸಿಗುತ್ತದೆ, ಆದರೆ ಮೂಲೆ ಚಕ್ಕೆ ಎದ್ದರೆ ಒಳಗಿನ ಬಣ್ಣ ಬೇರೆ ಕಾಣುತ್ತದೆ. ಡಬಲ್ ಚಾರ್ಜ್‌ನಲ್ಲಿ ಬಣ್ಣದ ಪದರವೇ 3-4 ಮಿ.ಮೀ. ದಪ್ಪ ಇರುತ್ತದೆ. ಡಿಸೈನ್ ಕಮ್ಮಿ, ಬಾಳಿಕೆ ಜಾಸ್ತಿ. ಜನ ಓಡಾಡುವ ಮನೆಯಾದರೆ ನನ್ನ ಓಟು ಇದಕ್ಕೇ.

ಬಚ್ಚಲ ನೆಲಕ್ಕೆ ಮಾತ್ರ ಹೊಳಪು ಬೇಡವೇ ಬೇಡ. ಸೋಪಿನ ನೀರು ಬಿದ್ದ ಮೇಲೆ ಪಾಲಿಶ್ ಟೈಲ್ಸ್ ಮೇಲೆ ವಯಸ್ಸಾದವರು ನಿಲ್ಲುವುದು ಹೇಗೆ? ಮ್ಯಾಟ್ ಫಿನಿಶ್, ಆ್ಯಂಟಿ ಸ್ಕಿಡ್ ತಗೊಳ್ಳಿ. ತೀರಾ ಉಬ್ಬುತಗ್ಗು ಇರುವುದೂ ಬೇಡ. ಕೊಳೆ ಕೂತು ಉಜ್ಜಿ ಉಜ್ಜಿ ಸಾಕಾಗುತ್ತದೆ. ಒಂದಡಿಯ ಸಣ್ಣ ಟೈಲ್ಸ್ ಆದರೆ ನೀರು ಹರಿಯುವ ವಾಟ ಕೊಡುವುದು ಸುಲಭ.

ಇನ್ನು ಕೆಲಸದ ವಿಷಯ. ಗೋಡೆಯ ಟೈಲ್‌ನ್ನು ಸಿಮೆಂಟಿನಲ್ಲಿ ಕೂರಿಸುವುದಾದರೆ ಮೊದಲು ನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಸಿಮೆಂಟಿನ ನೀರನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ವಿಟ್ರಿಫೈಡ್ ನೀರೇ ಕುಡಿಯದ್ದರಿಂದ ಸಿಮೆಂಟ್ ಹಾಲು ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಗೋಡೆಗೆ ಹಾಕಿಸಿದರಂತೂ ಟೈಲ್ ಅಂಟೇ ಬೇಕು. ಮೇಸ್ತ್ರಿ "ಏನೂ ಆಗಲ್ಲ ಅಮ್ಮ" ಅಂದರೂ ಕೇಳಬೇಡಿ. ಸಂದು ಬಿಡದೆ ಒತ್ತಿ ಕೂರಿಸಿದರೆ ನೋಡೋಕೆ ಚೆಂದ, ಆದರೆ ಬಿಸಿಗೆ ಹಿಗ್ಗಲು ಜಾಗವಿಲ್ಲದೆ ಟೈಲ್ಸ್ ಎದ್ದು ಬರುತ್ತವೆ. ಎರಡು ಟೈಲ್ ನಡುವೆ ಸಂದು ಉಳಿಸುವ ಸಣ್ಣ ಪ್ಲಾಸ್ಟಿಕ್ ತುಂಡು, 2 ಮಿ.ಮೀ. ಸ್ಪೇಸರ್ ಇಡಿಸಿ. ಮರುದಿನ ನಾಣ್ಯದಿಂದ ಒಂದೊಂದೇ ತಟ್ಟುತ್ತಾ ಹೋಗಿ. ಡಬ್ ಡಬ್ ಅಂತ ಪೊಳ್ಳು ಸದ್ದು ಬಂದದ್ದನ್ನು ಆಗಲೇ ತೆಗೆಸಿ.

ಒಲೆ ಹಿಂದಿನ ಗೋಡೆಯ ಸಂದಿಗೆ ಸಿಮೆಂಟ್ ಬದಲು ಎಪಾಕ್ಸಿ (ಗಟ್ಟಿಯಾಗುವ ರಾಳದ ಮಿಶ್ರಣ) ತುಂಬಿಸಿದರೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಒಗ್ಗರಣೆ ಎಣ್ಣೆ, ಅರಿಸಿನ ಸಂದಿಯೊಳಕ್ಕೆ ಸುಲಭವಾಗಿ ಇಂಗುವುದಿಲ್ಲ. ಸಿಮೆಂಟ್ ಸಂದಿಗೆ ಆ್ಯಸಿಡ್ ಹಾಕಿ ತೊಳೆಯಬೇಡಿ, ಸಂದಿಯನ್ನೇ ತಿಂದುಬಿಡುತ್ತದೆ.

ಡಬ್ಬಗಳ ಮೇಲಿನ ಬ್ಯಾಚ್ ನಂಬರ್, ಶೇಡ್ ಎಲ್ಲ ಒಂದೇನಾ ನೋಡಿ ಇಳಿಸಿಕೊಳ್ಳಿ. ನೂರಕ್ಕೆ ಹತ್ತರಷ್ಟು ಜಾಸ್ತಿ ತನ್ನಿ. ಮಿಕ್ಕದ್ದನ್ನು ಯಾರಾದರೂ ಕೇಳಿದರೆ ಕೊಟ್ಟುಬಿಡಬೇಡಿ, ಅಟ್ಟದ ಮೇಲಿಡಿ. ನಾಳೆ ಪೈಪ್ ಸೋರಿ ಪ್ಲಂಬರ್ ಗೋಡೆ ಒಡೆದರೆ, ಅದೇ ಡಿಸೈನ್ ಯಾವ ಅಂಗಡಿಯಲ್ಲೂ ಸಿಗದೆ ಇರಬಹುದು.